ಬೀಟಲ್ ಸರ್ವಿಸ್: ಮೊದಲು ಟ್ಯಾಪೆಟ್, ಆಮೇಲೆ ಆಯಿಲ್

ಹಳೇ ಫೋಕ್ಸ್‌ವ್ಯಾಗನ್ ಬೀಟಲ್‌ಗೆ ಟ್ಯಾಪೆಟ್ ಸೆಟ್ ಮಾಡಬೇಕೆಂದರೆ, ಅಂದರೆ ವಾಲ್ವ್‌ಗೂ ಅದನ್ನು ಒತ್ತುವ ರಾಕರ್‌ಗೂ ನಡುವಿನ ಸಣ್ಣ ಗ್ಯಾಪ್ ಸರಿಮಾಡಬೇಕೆಂದರೆ, ಇಂಜಿನ್ ಪೂರ್ತಿ ತಣ್ಣಗಿರಬೇಕು. ಆಯಿಲ್ ಇಳಿಸಲು ಬಿಸಿಯಾಗಿರಬೇಕು. ಹಾಗಾಗಿ ನಾನು ಬೆಳಿಗ್ಗೆ ಕಾಫಿಗೂ ಮುಂಚೆ ಟ್ಯಾಪೆಟ್ ಮುಗಿಸುತ್ತೇನೆ. ಆಮೇಲೆ ಒಂದು ರೌಂಡ್ ಹೊಡೆದು ಬಂದು ಆಯಿಲ್.

ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್‌ನ ಕ್ಯಾಪ್ ತೆಗೆದು, ಡೈನಮೋ ಪುಲ್ಲಿಯ ನಟ್‌ಗೆ 21ರ ಸ್ಪ್ಯಾನರ್ ಹಾಕಿ ಇಂಜಿನ್ ತಿರುಗಿಸಿ. ಅದರೊಳಗೆ ತಿರುಗುವ ರೋಟರ್ ಡಿಸ್ಟ್ರಿಬ್ಯೂಟರ್ ಅಂಚಿನ ಸಣ್ಣ ಗೀರಿಗೆ ಎದುರಾಗಬೇಕು. ಕೆಳಗಿನ ದೊಡ್ಡ ಪುಲ್ಲಿಯ ಗುರುತು ಇಂಜಿನ್ ಕೇಸ್‌ನ ಎರಡು ಹೋಳು ಕೂಡುವ ಗೆರೆಗೆ ಬರಬೇಕು. ಈಗ 1ನೇ ಸಿಲಿಂಡರ್‌ನ ಎರಡೂ ವಾಲ್ವ್ ಮುಚ್ಚಿರುತ್ತವೆ.

1 ಯಾವುದು? ಅಮೆರಿಕದವರನ್ನು ಕೇಳಿದರೆ ‘ಪ್ಯಾಸೆಂಜರ್ ಕಡೆ, ಮುಂದಿನದು’ ಅನ್ನುತ್ತಾರೆ. ಅವರ ಸ್ಟೀರಿಂಗ್ ಎಡಗಡೆ ಅಲ್ವಾ! ನಮ್ಮ ಬಲಗಡೆ ಸ್ಟೀರಿಂಗ್ ಗಾಡಿಯಲ್ಲಿ ಅದು ಡ್ರೈವರ್ ಕಡೆ. ‘ಮುಂದೆ’ ಅಂದರೆ ಗಾಡಿಯ ಮುಖದ ಕಡೆ. ಬಲಕ್ಕೆ ಮುಂದೆ 1, ಹಿಂದೆ 2. ಎಡಕ್ಕೆ ಮುಂದೆ 3, ಹಿಂದೆ 4.

ಟ್ಯಾಪೆಟ್ ಕವರ್‌ನ ತಂತಿ ಕ್ಲಿಪ್ ಕೆಳಕ್ಕೆ ಒತ್ತಿ ಬಿಡಿಸಿ. ಸ್ವಲ್ಪ ಎಣ್ಣೆ ಸೋರುತ್ತದೆ, ಹಳೇ ಬಟ್ಟೆ ಹಾಸಿಕೊಳ್ಳಿ. 1600 ಸಿ.ಸಿ. ಇಂಜಿನ್‌ಗೆ ಗ್ಯಾಪ್ 0.15 ಮಿ.ಮೀ., ಇನ್‌ಟೇಕ್‌ಗೂ ಎಕ್ಸಾಸ್ಟ್‌ಗೂ ಒಂದೇ. 13ರ ಸ್ಪ್ಯಾನರ್‌ನಲ್ಲಿ ಲಾಕ್ ನಟ್ ಸಡಿಲಿಸಿ ಸ್ಕ್ರೂ ತಿರುಗಿಸಿ. ಗ್ಯಾಪ್ ಅಳೆಯುವ ತೆಳು ಪಟ್ಟಿ, ಅಂದರೆ ಫೀಲರ್ ಗೇಜ್, ಒಳಗಿಟ್ಟು ಎಳೆದರೆ ತುಸು ಹಿಡಿದು ಹಿಡಿದು ಬರಬೇಕು. ನಟ್ ಬಿಗಿಯುವಾಗ ಸ್ಕ್ರೂ ಜೊತೆಗೇ ತಿರುಗುವ ಚಾಳಿ ಇದೆ, ಅದಕ್ಕೇ ಬಿಗಿದ ಮೇಲೆ ಮತ್ತೊಮ್ಮೆ ಅಳೆಯಿರಿ. ನಂತರ ದೊಡ್ಡ ಪುಲ್ಲಿಯನ್ನು ಗಡಿಯಾರದ ವಿರುದ್ಧ ದಿಕ್ಕಿಗೆ ಅರ್ಧ ಸುತ್ತು ತಿರುಗಿಸಿದರೆ 2. ಇನ್ನರ್ಧಕ್ಕೆ 3, ಆಮೇಲೆ 4.

ಟಕಟಕ ಸದ್ದು ಜಾಸ್ತಿಯಾಯಿತೆಂದು ಗ್ಯಾಪ್ ಕಮ್ಮಿ ಮಾಡಲು ಹೋಗಬೇಡಿ. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯನ್ನು ತಾನು ಮುಚ್ಚಿ ಕೂರುವ ಸೀಟ್‌ಗೆ ದಾಟಿಸಿಯೇ ಬದುಕಬೇಕು. ಗ್ಯಾಪ್ ಇಲ್ಲದಿದ್ದರೆ ಸರಿಯಾಗಿ ಕೂರುವುದಿಲ್ಲ, ಸುಟ್ಟುಹೋಗುತ್ತದೆ. ಹಳೇ ಮಾದರಿಗಳಲ್ಲಿ 3ನೇ ಸಿಲಿಂಡರ್ ಮೇಲೆ ಜಾಸ್ತಿ ನಿಗಾ ಇರಲಿ, ಅದರ ಗಾಳಿಗೆ ಆಯಿಲ್ ಕೂಲರ್ ಅಡ್ಡ ನಿಂತಿರುತ್ತದೆ. ಒಂದೇ ವಾಲ್ವ್ ಪ್ರತಿ ಸಲವೂ ಬಿಗಿಯಾಗಿ ಸಿಕ್ಕರೆ ಸುಮ್ನೆ ಸೆಟ್ ಮಾಡುತ್ತಾ ಕೂರಬೇಡಿ. ಹೆಡ್ ಇಳಿಸಿ ನೋಡಿಸಿ.

ಕವರ್‌ಗೆ ಹೊಸ ಕಾರ್ಕ್ ಪ್ಯಾಕಿಂಗ್ ಹಾಕಿ, ಗಾಡಿ ಓಡಿಸಿ ಬನ್ನಿ.

ಈ ಇಂಜಿನ್‌ಗೆ ಕಂಪನಿ ಕೊಟ್ಟಿದ್ದು ಬರೀ ಜಾಲರಿ, ಕಾಗದದ ಫಿಲ್ಟರ್ ಇಲ್ಲ. ಹಾಗಾಗಿ 5000 ಕಿ.ಮೀ.ಗೆ ಆಯಿಲ್ ಬದಲಿಸಲೇಬೇಕು. ಆಯಿಲ್ ಇಳಿದ ಮೇಲೆ ತಳದ ದುಂಡು ಪ್ಲೇಟಿನ 6 ನಟ್ ಬಿಚ್ಚಿ, ಜಾಲರಿಯನ್ನು ಸೀಮೆಎಣ್ಣೆಯಲ್ಲಿ ತೊಳೆಯಿರಿ. ಬೆರಳಿಗೆ ಲೋಹದ ಚೂರು ಸಿಕ್ಕರೆ ಮ್ಯಾಗ್ನೆಟ್ ಹಿಡಿಯಿರಿ. ಅಂಟಿದರೆ ಉಕ್ಕು, ಅಂಟದಿದ್ದರೆ ಬೇರಿಂಗ್ ಮೇಲೆ ಅನುಮಾನ ಪಡಿ. ಜಾಲರಿಯ ಮೇಲೊಂದು ಕೆಳಗೊಂದು ಹೊಸ ಪ್ಯಾಕಿಂಗ್, ನಟ್‌ಗಳಿಗೆ ಹೊಸ ತಾಮ್ರದ ವಾಷರ್. ಬಿಗಿ 7 ನ್ಯೂಟನ್ ಮೀಟರ್ ಅಷ್ಟೇ. ಕೇಸ್ ಮೆಗ್ನೀಸಿಯಂನದು, ಜೋರು ತೋರಿಸಿದರೆ ಥ್ರೆಡ್ ಕಿತ್ತು ಬರುತ್ತದೆ.

ಹೊಸ ಆಯಿಲ್ 2.5 ಲೀಟರ್. ನಾನು ಹಾಕುವುದು 20ಡಬ್ಲ್ಯೂ-50. ಎರಡು ನಿಮಿಷ ಇಂಜಿನ್ ಓಡಿಸಿ, ಆಫ್ ಮಾಡಿ, ಸ್ವಲ್ಪ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಟ್ಯಾಪೆಟ್ ಕವರ್ ಕೆಳಗೆ ಹೊಸ ತೊಟ್ಟು ಕಂಡರೆ ಪ್ಯಾಕಿಂಗ್ ಓರೆಯಾಗಿ ಕೂತಿದೆ, ಬಿಚ್ಚಿ ಮತ್ತೆ ಕೂರಿಸಿ.