ನಿಯಾನ್ ಟೆಟ್ರಾದ ಗೆರೆ ಕತ್ತಲಲ್ಲಿ ನೇರಳೆಯಾಗುವುದು ನಾನು ನೋಡಿದ್ದು

ಕಾರವಾರದ ನಮ್ಮ ಮನೆಯ ಅಕ್ವೇರಿಯಂನಲ್ಲಿ ನಿಯಾನ್ ಟೆಟ್ರಾ ಎಂಬ ಹತ್ತು ಪುಟ್ಟ ಮೀನುಗಳಿವೆ. ತಂದ ವಾರವೇ ಒಂದು ಬೆಳಗಿನ ಜಾವ ನೋಡಿದರೆ ಅವುಗಳ ಮೈಮೇಲಿನ ನೀಲಿ-ಹಸಿರು ಗೆರೆ ಮಂಕಾಗಿ ನೇರಳೆಗೆ ತಿರುಗಿತ್ತು. ಮೀನು ಕೊಟ್ಟ ಅಂಗಡಿಯವರು ರೋಗ ಅಂದರು, ಔಷಧಿ ಕೊಟ್ಟರು, ನಾನು ಹಾಕಿಯೂ ಬಿಟ್ಟೆ. ಅದು ಬೇಕೇ ಇರಲಿಲ್ಲ.

ಗೊತ್ತಾಗಿದ್ದು ಜೂನ್ ಮಳೆಯಲ್ಲಿ. ಸಂಜೆ ಕರೆಂಟ್ ಹೋಗಿ ಎರಡು ತಾಸು ಬರಲಿಲ್ಲ. ಟಾರ್ಚ್ ಹಿಡಿದು ನೋಡಿದೆ, ಹತ್ತೂ ಮೀನು ನೇರಳೆ! ಕರೆಂಟ್ ಬಂದು ಲೈಟ್ ಹತ್ತಿದ ಕೆಲವೇ ನಿಮಿಷಕ್ಕೆ ಗೆರೆ ಮತ್ತೆ ನೀಲಿ-ಹಸಿರಾಯಿತು.

ಆ ಗೆರೆಯಲ್ಲಿ ನೀಲಿ ಬಣ್ಣದ ವಸ್ತುವೇ ಇಲ್ಲ. ಚರ್ಮದಲ್ಲಿ ಇರಿಡೋಫೋರ್ ಎಂಬ ಕೋಶಗಳಿವೆ, ಅವುಗಳೊಳಗೆ ಗ್ವಾನಿನ್ ಹರಳಿನ ತೆಳು ತಗಡುಗಳು ಸಾಲಾಗಿ ಜೋಡಿಸಿಕೊಂಡಿರುತ್ತವೆ. ನಮ್ಮ ಡಿಎನ್‌ಎಯಲ್ಲಿ ಇರುವುದೂ ಇದೇ ಗ್ವಾನಿನ್. ತಗಡುಗಳ ನಡುವೆ ನೀರಿನಂಥ ಕೋಶರಸ. ಬೆಳಕಿನ ವಕ್ರೀಭವನ ಸೂಚ್ಯಂಕ, ಅಂದರೆ ಒಳಹೊಕ್ಕ ಬೆಳಕು ಎಷ್ಟು ಬಾಗುತ್ತದೆ ಎಂಬ ಅಳತೆ, ಗ್ವಾನಿನ್‌ಗೆ ಸುಮಾರು 1.83, ನೀರಿಗೆ 1.33, ಈ ದೊಡ್ಡ ವ್ಯತ್ಯಾಸದಿಂದಲೇ ಒಂದೊಂದು ತಗಡೂ ಸ್ವಲ್ಪ ಸ್ವಲ್ಪ ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ, ಹಾಗೆ ಬಂದ ಅಲೆಗಳಲ್ಲಿ ಒಂದಕ್ಕೊಂದು ಹೊಂದಿಕೊಂಡ ಬಣ್ಣ ಮಾತ್ರ ಜೋರಾಗಿ ಹೊಳೆಯುತ್ತದೆ. ತಗಡುಗಳ ಅಂತರ ಕಡಿಮೆಯಾದರೆ ಬಣ್ಣ ನೇರಳೆ ಕಡೆಗೆ, ಜಾಸ್ತಿಯಾದರೆ ಹಸಿರು-ಹಳದಿ ಕಡೆಗೆ. ಟೆಟ್ರಾದಲ್ಲಿ ಇದು ಬಚ್ಚಲುಮನೆ ಕಿಟಕಿಯ ಗಾಜಿನ ಪಟ್ಟಿಗಳ ಹಾಗೆ: ಕತ್ತಲಾದಾಗ ಎಲ್ಲ ತಗಡೂ ಒಟ್ಟಿಗೆ ವಾಲುತ್ತವೆ, ವಾಲಿದಷ್ಟೂ ನಡುವಿನ ಸಂದು ಕಿರಿದಾಗುತ್ತದೆ. ಎಷ್ಟು ಚಂದದ ಏರ್ಪಾಡು ಅಲ್ವಾ?

ಫೋಟೋ ತೆಗೆಯುವಾಗ ಮೊದಲು ಮೋಸ ಹೋದೆ. ಮೊಬೈಲ್ ತಾನೇ ಬಣ್ಣ ಸರಿಮಾಡಿಕೊಳ್ಳುತ್ತದೆ, ನೇರಳೆಯೂ ನೀಲಿಯಾಗಿ ಬರುತ್ತದೆ. ಆಮೇಲೆ ಗಾಜಿಗೆ ಬಿಳಿ ಕಾಗದ ಅಂಟಿಸಿ, ಮೊಬೈಲ್ ಬಣ್ಣ ಸರಿಮಾಡುವ ವೈಟ್ ಬ್ಯಾಲೆನ್ಸ್ ಅನ್ನು ಲಾಕ್ ಮಾಡಿ, ಫ್ಲ್ಯಾಶ್ ಇಲ್ಲದೆ, ಲೈಟ್ ಹಾಕಿದ ಕ್ಷಣದಿಂದ ನಿಮಿಷಕ್ಕೊಂದು ಫೋಟೋ ತೆಗೆದೆ. ಕ್ಯಾಮೆರಾ ಇಟ್ಟ ಜಾಗ ಬದಲಿಸಬೇಡಿ. ಓರೆಯಾಗಿ ನೋಡಿದರೂ ಬಣ್ಣ ಬದಲಾಗುತ್ತದೆ.

ಟೆಟ್ರಾ ಇಲ್ಲದವರು ಬಂಗಡೆ ತನ್ನಿ. ನಮ್ಮ ಆಯಿ ಮಾರ್ಕೆಟ್‌ನಲ್ಲಿ ಬಂಗಡೆಯನ್ನು ಬೆಳಕಿಗೆ ಹಿಡಿದು, ಹೊಳಪು ನೋಡಿಯೇ ಆರಿಸುತ್ತಾಳೆ. ಆ ಬೆಳ್ಳಿ ಹೊಳಪೂ ಗ್ವಾನಿನ್‌ನದೇ. ಹೊಟ್ಟೆ ಭಾಗದ ಚರ್ಮವನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದು, ಒಂದು ಹನಿ ನೀರಿನಲ್ಲಿ ಕದಡಿ, ಮಗಳ ಮೈಕ್ರೋಸ್ಕೋಪಿನಲ್ಲಿ ಇಟ್ಟೆ. ಚೂರುಚೂರು ತಗಡುಗಳು ಹೊರಳುತ್ತಾ ಮಿಂಚುತ್ತಿದ್ದವು. ಆಯಿಯನ್ನೂ ಕರೆದು ತೋರಿಸಿದೆ, ಬಂಗಡೆ ಒಲೆ ಮೇಲಿದೆ ಅನ್ನುವುದನ್ನೂ ಮರೆತು ಬಹಳ ಹೊತ್ತು ನೋಡಿದಳು.