ಮೆಣಸು ಕೊಯ್ಯುವ ಮುಂಚೆ ಒಂದು ಕಾಳು ಚಿವುಟಿ

ಮಲೆನಾಡಿನಲ್ಲಿ ಕಾಳುಮೆಣಸಿನ ಕೊಯ್ಲು ಶುರುವಾಗುವುದು ಕಾಳು ಬಲಿತಾಗ ಅಲ್ಲ, ಏಣಿ ಹತ್ತುವ ಆಳು ಸಿಕ್ಕಾಗ. ಪಕ್ಕದ ತೋಟದವರು ಏಣಿ ಇಟ್ಟರೆಂದು ನಾವೂ ಇಡುತ್ತೇವೆ. ಒಣಗಿಸಿ ಮೊರದಲ್ಲಿ ಕೇರುವಾಗ ಜೊಳ್ಳು ಹಾರುವುದನ್ನು ನೋಡಿ ಹೊಟ್ಟೆ ಉರಿದುಕೊಳ್ಳುತ್ತೇವೆ. ಹಿತ್ತಿಲಲ್ಲಿ ನಾಲ್ಕೇ ಬಳ್ಳಿ ಇರುವವರಿಗೆ ಈ ಅವಸರ ಯಾಕೆ?

ಮೊದಲು ಲೆಕ್ಕ. ಮುಂಗಾರು ಹಿಡಿದ ಮೇಲೆ ಬಿಟ್ಟ ಗೆರೆ, ಅಂದರೆ ಕಾಳು ಕಟ್ಟುವ ತೆನೆ, ಬಲಿಯಲು 7–8 ತಿಂಗಳು ಬೇಕು. ಹಾಗಾಗಿ ಡಿಸೆಂಬರ್‌ನಿಂದ ಮಾರ್ಚ್ ನಡುವೆ ವಾರಕ್ಕೊಮ್ಮೆ ಬಳ್ಳಿಯ ಬುಡಕ್ಕೆ ಹೋಗಿ ತಲೆ ಎತ್ತಿ ನೋಡಿ.

ಈಗ ಮುಖ್ಯವಾದ ಕೆಲಸ. ಗೆರೆಯಲ್ಲಿ ಒಂದೆರಡು ಕಾಳು ಹಳದಿಗೋ ಕೆಂಪಿಗೋ ತಿರುಗಿದರೆ ಆ ಬಳ್ಳಿ ಕೊಯ್ಲಿಗೆ ಬಂತು ಎನ್ನುವುದು ಎಲ್ಲರೂ ಹೇಳುವ ಮಾತು. ಮಾತು ಸರಿ, ಆದರೆ ಜನ ಮೋಸ ಹೋಗುವುದೂ ಇಲ್ಲೇ. ಪೊಳ್ಳು ಹುಳ ಕೊರೆದ ಕಾಳೂ ಹಳದಿಯಾಗುತ್ತದೆ. ಬೆರಳಲ್ಲಿ ಒತ್ತಿ: ಹುಳ ತಿಂದದ್ದು ಪುಡಿಯಾಗುತ್ತದೆ, ಒಳಗೆ ಟೊಳ್ಳು. ಹಣ್ಣಾದದ್ದರ ಸಿಪ್ಪೆ ಜಾರಿ ಗಟ್ಟಿ ಬೀಜ ಕೈಗೆ ಬರುತ್ತದೆ. ಸೊರಗು ರೋಗ ಬಂದ ಬಳ್ಳಿಯ ಹಳದಿಯನ್ನಂತೂ ಲೆಕ್ಕಕ್ಕೆ ಹಿಡಿಯಲೇಬೇಡಿ.

ಆಮೇಲೆ ಅದೇ ಗೆರೆಯ ಹಸಿರು ಕಾಳೊಂದನ್ನು ಉಗುರಿನಲ್ಲಿ ಚಿವುಟಿ. ಹಾಲಿನಂಥ ರಸ ಬಂದು ಕಾಳು ಪಿಚಕ್ಕನೆ ಒಡೆದರೆ ಎಳೆಯದು, ಏಣಿ ವಾಪಸ್ ಇಡಿ, ಹದಿನೈದು ದಿನ ಬಿಟ್ಟು ಬನ್ನಿ. ಉಗುರು ಸಿಪ್ಪೆಯಲ್ಲೇ ನಿಂತು, ಹಲ್ಲಿನಲ್ಲಿ ಕಡಿದಾಗ ಒಳಗೆ ಬಿಳಿ ಹಿಟ್ಟಿನಂತೆ ಗಟ್ಟಿಯಾಗಿದ್ದರೆ ಕೊಯ್ಯಿರಿ. ಕೈಗೆಟುಕುವ ಒಂದೇ ಗೆರೆ ನೋಡಿ ತೀರ್ಮಾನಿಸಬೇಡಿ. ಮೇಲೆ, ನಡುವೆ, ಕೆಳಗೆ ಮೂರು ಕಡೆ ಚಿವುಟಿ. ಪನಿಯೂರು-1, ಕರಿಮುಂಡ, ಮಲ್ಲಿಗೆಸರ ತಳಿಗಳು ಒಂದೇ ತೋಟದಲ್ಲಿದ್ದರೂ ಒಂದೊಂದನ್ನೂ ಬೇರೆಯಾಗಿಯೇ ನೋಡಬೇಕು. ನನ್ನ ಪ್ರಕಾರ ಎರಡು ಸಲ ಕೊಯ್ಯುವುದೇ ಸರಿ. ಕೂಲಿ ಹೆಚ್ಚಾಯಿತು ಎನ್ನುವವರು ಜೊಳ್ಳನ್ನೂ ತೂಗಿ ನೋಡಲಿ.

ಹಾಗೆಂದು ಗೆರೆಯೆಲ್ಲ ಕೆಂಪಾಗುವವರೆಗೆ ಕಾದರೆ ಹಕ್ಕಿಗಳ ಪಾಲು, ಉಳಿದದ್ದು ನೆಲದ ಪಾಲು. ಪೂರ್ತಿ ಹಣ್ಣಾದದ್ದನ್ನು ಬೇರೆ ತೆಗೆದು 7–10 ದಿನ ನೀರಲ್ಲಿ ನೆನೆಹಾಕಿ, ದಿನವೂ ನೀರು ಬದಲಿಸಿ, ಸಿಪ್ಪೆ ತಿಕ್ಕಿ ಒಣಗಿಸಿದರೆ ಬೋಳುಕಾಳು, ಅಂದರೆ ಬಿಳಿ ಮೆಣಸು. ವಾಸನೆಗೆ ಮನೆಯವರು ಬೈಯುತ್ತಾರೆ, ಪಾತ್ರೆಯನ್ನು ಕೊಟ್ಟಿಗೆ ಕಡೆ ಇಡಿ.

ಉಳಿದದ್ದು ಸುಲಭ. ಕಾಳು ಬಿಡಿಸಿ, ಬಿದಿರು ಬುಟ್ಟಿಯಲ್ಲಿ ಹಾಕಿ ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ, ಬಿಸಿಲಿಗೆ ಹರವಿ. ಬೇಗ ಉದುರಲಿ ಎಂದು ಗೆರೆಗಳನ್ನು ಗೋಣಿಚೀಲದಲ್ಲಿ ಕಟ್ಟಿಡುವ ಉಪಾಯ ಒಂದು ರಾತ್ರಿಗೆ ಸರಿ, ಮೂರು ದಿನ ಮರೆತರೆ ಬೂಸಲು. ಬಣ್ಣ ಬಿಡುವ ಅಗ್ಗದ ಪ್ಲಾಸ್ಟಿಕ್ ಹಾಳೆಯನ್ನು ನಾನು ಒಮ್ಮೆ ತಂದು ಕೆಟ್ಟೆ, ನೀಲಿ ಮೆಣಸನ್ನು ಯಾರೂ ಕೊಳ್ಳುವುದಿಲ್ಲ. 100 ಕಿಲೋ ಹಸಿಗೆ ಸುಮಾರು 33 ಕಿಲೋ ಒಣಮೆಣಸು ಬಂದರೆ ನೀವು ಸರಿಯಾದ ದಿನವೇ ಕೊಯ್ದಿದ್ದೀರಿ.

ಬೆಂಗಳೂರಿನ ತಾರಸಿಯಲ್ಲಿ ಕುಂಡದ ಪೊದೆಮೆಣಸು ಬೆಳೆಸುವವರಿಗೆ ಈ ತಿಂಗಳುಗಳ ಲೆಕ್ಕ ಬೇಡ. ಅದು ವರ್ಷದಲ್ಲಿ ಆಗಾಗ ಗೆರೆ ಬಿಡುತ್ತದೆ. ಬಲಿತ ಗೆರೆಯನ್ನಷ್ಟೇ ಕತ್ತರಿಯಲ್ಲಿ ಕತ್ತರಿಸಿ, ಎಳೆದು ಕೀಳಬೇಡಿ, ರೆಂಬೆಯೇ ಕಿತ್ತು ಬರುತ್ತದೆ.