ಕಪ್ಪತಗುಡ್ಡದ ಗಾಳಿಯೊಳಗೆ ಎಂಟಿಂಚಿನ ಡಾಬ್ ನಿಲ್ಲಿಸಿದ್ದು

"ಜಾಳಿಗಿಯಿಂದ ಗಾಳಿ ತಡೀತೈತೇನ್ರೀ?" ಅಂತ ಹುಬ್ಬಳ್ಳಿ-ಧಾರವಾಡದ ಗೆಳೆಯರು, ನಾನು ದೂರದರ್ಶಕಕ್ಕೆ ಶೇಡ್ ನೆಟ್ಟಿನ ಮರೆ ಕಟ್ಟುತ್ತೇನೆ ಅಂದಾಗ, ನಕ್ಕಿದ್ದರು. ತಡೀತದ, ಅದೂ ತಾಡಪತ್ರಿಗಿಂತ ಚಲೋ ತಡೀತದ. ಗದಗ ಸೀಮೆಯಲ್ಲಿ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ, ಅಲ್ಲಿ ಡಾಬ್ಸೋನಿಯನ್ (ನೆಲದ ಮೇಲಿನ ಪೀಠದಲ್ಲಿ ಕೂರುವ ಕನ್ನಡಿ ದೂರದರ್ಶಕ, ಚಿಕ್ಕದಾಗಿ ಡಾಬ್) ನಿಲ್ಲೂದಿಲ್ಲ, ರೊಕ್ಕ ಕೂಡಿಸಿ ಲಡಾಖಿನ ಹಾನ್ಲೆಗೆ ಹೋಗ್ರಿ ಅನ್ನುವುದು ಎಲ್ಲರ ಉಪದೇಶ. ಹಾನ್ಲೆಯ ಕತ್ತಲು ದೊಡ್ಡದು, 2022ರಲ್ಲಿ ಅದನ್ನು ಕತ್ತಲ ಆಕಾಶದ ಮೀಸಲು ಪ್ರದೇಶ ಅಂತ ಮಾಡಿದ್ದೂ ಸರಿಯೇ. ಆದರೆ ಅದು ಸುಮಾರು 33 ಡಿಗ್ರಿ ಅಕ್ಷಾಂಶದಲ್ಲಿದೆ. ಅಲ್ಲಿ ತ್ರಿಶಂಕು ನಕ್ಷತ್ರಪುಂಜ ಪೂರ್ತಿ ಏಳುವುದೇ ಇಲ್ಲ, ಒಮೆಗಾ ಸೆಂಟೌರಿ ಅನ್ನುವ ನಕ್ಷತ್ರಗುಚ್ಛ ಕ್ಷಿತಿಜದಿಂದ ಹತ್ತು ಡಿಗ್ರಿ ಎತ್ತರ ಮುಟ್ಟುವುದಿಲ್ಲ. ನಮ್ಮ 15 ಡಿಗ್ರಿಯಲ್ಲಿ ಅದೇ ಗುಚ್ಛ 27 ಡಿಗ್ರಿ ಮೇಲೆ ಬಂದು ನಿಲ್ಲುತ್ತದೆ. ದಕ್ಷಿಣದ ಆಕಾಶ ಬೇಕಾದವನಿಗೆ ಮನೆಯಿಂದ ಎರಡು ತಾಸಿನ ದಾರಿ ಸಾಕು. ಗಾಳಿ ಒಂದನ್ನು ಬಗೆಹರಿಸಿಕೊಂಡರಾಯಿತು.

ಕಪ್ಪತಗುಡ್ಡ ಹತ್ತುವ ಮಾತು ಬೇಡ. 2019ರಿಂದ ಅದು ವನ್ಯಜೀವಿ ಧಾಮ. ಅರಣ್ಯ ಇಲಾಖೆಯ ಪರವಾನಗಿ ಇಲ್ಲದೆ ಒಳಗೆ ರಾತ್ರಿ ಉಳಿಯುವಂತಿಲ್ಲ. ಕತ್ತೆಕಿರುಬ, ತೋಳ, ಚಿರತೆ ಇರುವ ಜಾಗ ಅದು. ನಾನು ಬೊಲೆರೋ ನಿಲ್ಲಿಸುವುದು ಶಿರಹಟ್ಟಿ ಕಡೆಯ ಬುಡದಲ್ಲಿ, ಧಾಮದ ಹೊರಗೆ, ರೈತರೊಬ್ಬರ ಹೊಲದಲ್ಲಿ. ಯಾರ ಹೊಲ, ಯಾವ ಚಕ್ಕಡಿ ದಾರಿ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಗುಡ್ಡ ಈಶಾನ್ಯಕ್ಕೆ ಬರುವಂತೆ ಜಾಗ ಹುಡುಕಿದರೆ ಗದಗ-ಬೆಟಗೇರಿಯ ಬೆಳಕು ಉತ್ತರದ ಅಂಚಿಗೆ ಉಳಿದು ದಕ್ಷಿಣ ಖುಲ್ಲಾ ಸಿಗುತ್ತದೆ. ಬುಡಕ್ಕೆ ತೀರಾ ಅಂಟಿಕೊಂಡು ನಿಲ್ಲಬೇಡಿ. ಹಗಲು ಕಾದ ಬಂಡೆ ನಡುರಾತ್ರಿಯವರೆಗೂ ಕಾವು ಬಿಡುತ್ತದೆ, ನಕ್ಷತ್ರ ಕುದಿಯುತ್ತವೆ. ಒಂದು ಕಿಲೋಮೀಟರ್ ಆದರೂ ದೂರ ಇರಲಿ.

ಮೊದಲು ಕಟ್ಟಿದ್ದು ಎಲ್ಲರ ಹಾಗೆ ತಾಡಪತ್ರಿ. ನೀಲಿಯದು, 12 ಅಡಿಗೆ 18 ಅಡಿ, ಸಾವಿರದ ಮೇಲೆ ಬಿತ್ತು. ಗಟ್ಟಿ ಗೋಡೆಗೆ ಬಡಿದ ಗಾಳಿ ಮೇಲಿಂದ ಹಾರಿ ಹಿಂದೆ ಸುಳಿಯಾಗಿ ಇಳಿಯುತ್ತದೆ, ಸರಿಯಾಗಿ ದೂರದರ್ಶಕ ಇಟ್ಟ ಜಾಗಕ್ಕೆ. ಬಯಲಲ್ಲಿ ಒಂದೇ ಕಡೆಯಿಂದ ಬರುವ ಗಾಳಿಯಾದರೂ ವಾಸಿ, ಸುಳಿಯೊಳಗೆ ದೂರದರ್ಶಕದ ಕೊಳವೆ ನಾಲ್ಕೂ ಕಡೆ ತಲೆ ಹಾಕುತ್ತದೆ. ಆಮೇಲೆ ಬಣವಿಯ ಮರೆ. ಅಲ್ಲೂ ಅದೇ ಸುಳಿ, ಮೇಲೆ ಕಣಕಿಯ ಹೊಟ್ಟು ಕನ್ನಡಿಯ ಮೇಲೆ. ಕನ್ನಡಿ ತೊಳೆಯಲು ಡಿಸ್ಟಿಲ್ಡ್ ವಾಟರ್, ಹತ್ತಿ, ಅರ್ಧ ದಿನ. ಗಾಡಿಯ ಮೇಲಿನ ಟೆಂಟು ಲಕ್ಷದ ಆಸುಪಾಸಿನ ಬಾಬತ್ತು, ಅದೂ ಗಾಳಿ ಹಿಡಿಯುವ ಸಾಮಾನೇ. ಹಿಂದಿನ ಸೀಟು ಮಡಚಿ ಹಲಗೆ ಹಾಕಿ ಮಲಗಿದರೆ ಮೂರು ಸಾವಿರದಲ್ಲಿ ಮುಗಿಯುತ್ತದೆ. ಮರೈನ್ ಪ್ಲೈ ಹಾಕಿಸಿ, ಸಾದಾ ಪ್ಲೈ ಒಂದು ಮಳೆಗಾಲಕ್ಕೆ ಏಳುತ್ತದೆ.

ಕೆಲಸ ಮಾಡಿದ್ದು ಐವತ್ತು ಪರ್ಸೆಂಟಿನ ಹಸಿರು ಶೇಡ್ ನೆಟ್. ನರ್ಸರಿಯವರು ಕಟ್ಟುವುದೇ. ಅರ್ಧ ಗಾಳಿ ಮೆಲ್ಲಗೆ ತೂರಿ ಬರುವುದರಿಂದ ಹಿಂದೆ ಸುಳಿ ಏಳುವುದಿಲ್ಲ. ಎಪ್ಪತ್ತೈದರದು ಕಟ್ಟಿ ನೋಡಿದೆ, ತಾಡಪತ್ರಿಯ ತಮ್ಮ. ಐವತ್ತರದನ್ನೇ ಎರಡು ಪದರ ಹಾಕಿದರೆ ಒಂದಕ್ಕೊಂದು ಬಡಿದು ಪಟಪಟ ಅನ್ನುತ್ತದೆ. ಮೂರು ಮೀಟರ್ ಅಗಲದ್ದು ಎಂಟು ಮೀಟರ್ ಸಾಕು. ಅಮರಗೋಳದ ಎಪಿಎಂಸಿ ಕಡೆ ಆರೇಳು ನೂರಕ್ಕೆ ಸಿಕ್ಕ ನೆನಪು. ತಾಡಪತ್ರಿ ಹೊಲಿಯುವವರ ಹತ್ತಿರ ಅಂಚಿಗೆ ನವಾರ ಕೂಡಿಸಿ ಒಂದೊಂದು ಅಡಿಗೆ ಐಲೆಟ್ ಹೊಡೆಸಿ. ನವಾರ ಇಲ್ಲದಿದ್ದರೆ ಐಲೆಟ್ ಕಿತ್ತುಬರುತ್ತದೆ. ಬಟ್ಟೆಗಿಂತ ಹೊಲಿಗೆಗೇ ಹೆಚ್ಚು ಕೊಟ್ಟಿದ್ದೇನೆ, ಅದು ಸರಿಯಾದ ಖರ್ಚೇ.

ಮೂರು ಮೀಟರಿನಲ್ಲಿ ಎರಡು ಮೀಟರ್ ಮಾತ್ರ ಎತ್ತರಕ್ಕೆ. ಉಳಿದ ಒಂದು ಮೀಟರನ್ನು ಗಾಳಿ ಬರುವ ಕಡೆಗೆ ನೆಲದ ಮೇಲೆ ಹಾಸಿ, ಮಣ್ಣು ತುಂಬಿದ ಸಿಮೆಂಟ್ ಚೀಲ ಹೇರಬೇಕು. ಕೆಳಗೆ ಸಂದು ಉಳಿದರೆ ಅಲ್ಲಿಂದ ಗಾಳಿ ಜೋರಾಗಿ ನುಗ್ಗಿ ಧೂಳೆಬ್ಬಿಸುತ್ತದೆ. ಆಕಾರ ಮೂಲೆಗಟ್ಟಿನದು: ನಾಲ್ಕು ಮೀಟರ್ ಪಡುವಣಕ್ಕೆ, ನಾಲ್ಕು ಮೀಟರ್ ಗುಡ್ಡದ ಕಡೆಗೆ. ಮಾರ್ಚ್ ಹೊತ್ತಿಗೆ ಸಂಜೆಯ ಗಾಳಿ ಹೆಚ್ಚಾಗಿ ಪಡುವಣದ್ದು, ಸರಿರಾತ್ರಿ ಮೇಲೆ ಗುಡ್ಡದಿಂದ ತಂಪು ಗಾಳಿ ಇಳಿಯುತ್ತದೆ. ಒಂದೇ ಗೋಡೆ ಕಟ್ಟಿದವರು ಒಂದು ಗಂಟೆಗೆ ಎದ್ದು ಮತ್ತೆ ಗೂಟ ಹೊಡೆಯಬೇಕು. ದೂರದರ್ಶಕ ನೆಟ್ಟಿನಿಂದ ಮೂರು-ನಾಲ್ಕು ಮೀಟರ್ ಈಚೆ ಇರಲಿ. ದಕ್ಷಿಣದ ತಗ್ಗಿನ ವಸ್ತುಗಳಿಗೆ ಕೊಳವೆ ಮಲಗಿಯೇ ಇರುತ್ತದೆ, ಹಾಗಾಗಿ ಎರಡು ಮೀಟರ್ ಮರೆ ಸಾಲುತ್ತದೆ.

ಗೂಟದ ವಿಷಯಕ್ಕೆ ಬಂದರೆ ಹೊಲದ ಮಣ್ಣು ನೋಡಬೇಕು. ಮಸಾರಿಯಲ್ಲಿ (ಕೆಂಪು ಮಣ್ಣು) ಎರಡಡಿ ಕಬ್ಬಿಣದ ಗೂಟ ಗಟ್ಟಿ ಕೂರುತ್ತದೆ. ಎರಿ (ಕಪ್ಪು ಮಣ್ಣು) ಹೊಲ ಬೇಸಿಗೆಗೆ ಬಿರುಕು ಬಿಟ್ಟಿರುತ್ತದೆ, ಗೂಟ ಕೈಯಲ್ಲೇ ಎದ್ದು ಬರುತ್ತದೆ. ಅಲ್ಲಿ ಒಂದೂವರೆ ಅಡಿ ತಗ್ಗು ತೋಡಿ, ಮಣ್ಣಿನ ಚೀಲಕ್ಕೆ ಹಗ್ಗ ಬಿಗಿದು ಹುಗಿಯಿರಿ. ಗಂಟೆಗೆ 25 ಕಿಲೋಮೀಟರ್ ಗಾಳಿಗೆ ಒಂದೊಂದು ಪಕ್ಕದ ಮೇಲೆ ಇಪ್ಪತ್ತು-ಇಪ್ಪತ್ತೈದು ಕಿಲೋದ ಒತ್ತಡ ಬೀಳುತ್ತದೆ, 40ಕ್ಕೆ ಅರವತ್ತರ ಹತ್ತಿರ. ಅದರ ಮೇಲೆ ಹೋದರೆ ಕೊಳವೆ ಮುಚ್ಚಿ ಮಲಗುವುದೇ ಲೇಸು. ಬಿದಿರು ಗಳ ಮೂರು, ಒಂದಕ್ಕೆ ಎರಡೆರಡು ಹಗ್ಗ. ಒಂದು ತುದಿಯನ್ನು ಗಾಡಿಯ ಕ್ಯಾರಿಯರ್‌ಗೆ ಬಿಗಿಯಬಹುದು. ಮೂಲೆಯ ಗಳಕ್ಕೆ ಹಾಕುವ ಗಂಟೊಂದಿದೆ, ಅದನ್ನು ಎದುರಿಗೆ ಬಂದವರಿಗೆ ತೋರಿಸುತ್ತೇನೆ.

ಬಾನೆಟ್ ಕಾವು ಎರಡು ತಾಸು ಇರುತ್ತದೆ, ಅದರ ಮೇಲಿಂದ ಏನನ್ನೂ ನೋಡಬೇಡಿ. ಮೂತಿ ಉತ್ತರಕ್ಕೆ ಮಾಡಿ ನಿಲ್ಲಿಸಿ. ಬಾಗಿಲು ತೆರೆದರೆ ಹತ್ತುವ ದೀಪದ ಬಲ್ಬ್ ಕಿತ್ತಿಡಿ. ಕನ್ನಡಿಯ ಹಿಂದೆ ಕಂಪ್ಯೂಟರಿನ 80 ಮಿಲಿಮೀಟರ್ ಫ್ಯಾನು ಕೂರಿಸಿದರೆ ಒಂದು ತಾಸಿನ ತಂಪಾಗುವ ಕೆಲಸ ಅರ್ಧ ತಾಸಿಗೆ ಬರುತ್ತದೆ. ಫ್ಯಾನನ್ನು ಸ್ಕ್ರೂ ಹಾಕದೆ ರಬ್ಬರ್ ಬ್ಯಾಂಡಿನಲ್ಲಿ ತೂಗಿಬಿಡಿ, ಇಲ್ಲದಿದ್ದರೆ ಅದರ ನಡುಕ ಕಣ್ಣಿಗೆ ಬರುತ್ತದೆ.

ಡಿಸೆಂಬರ್-ಜನವರಿಯಲ್ಲಿ, ಅದರಲ್ಲೂ ನೀರುಣಿಸಿದ ಹೊಲದ ಪಕ್ಕ, ಇಬ್ಬನಿಯ ಕಾಟ. ಕ್ಯಾಮೆರಾ ಲೆನ್ಸಿಗೆ ಪೇಟೆಯ ಹೀಟರ್ ಪಟ್ಟಿ ಎರಡೂವರೆ ಸಾವಿರ ಕೇಳುತ್ತಾರೆ. 330 ಓಮಿನ ಒಂದು ವ್ಯಾಟ್ ರೆಸಿಸ್ಟರ್ ಹತ್ತನ್ನು ಸಮಾನಾಂತರ ಜೋಡಿಸಿ ವೆಲ್ಕ್ರೋ ಪಟ್ಟಿಯೊಳಗೆ ಹೊಲಿದರೆ 12 ವೋಲ್ಟಿಗೆ ನಾಲ್ಕೂವರೆ ವ್ಯಾಟಿನ ಹತ್ತಿರ ಕಾವು, ನೂರು ರೂಪಾಯಿ ಖರ್ಚು. ರಾತ್ರಿಗೆ ನಾಲ್ಕು ಆಂಪಿಯರ್-ಅವರ್ ಒಳಗೇ ಕೆಲಸ. ಅರ್ಧ ವ್ಯಾಟಿನವು ಬೇಡ, ಬ್ಯಾಟರಿ ತುಂಬಿದಾಗ ಅಂಚಿಗೆ ಬಂದು ಸುಡುತ್ತವೆ. ಬ್ಯಾಟರಿಗೆ ಕಾರಿನ ಲೆಡ್ ಆಸಿಡ್ ಹಾಕಿಕೊಂಡವರು ಅರ್ಧಕ್ಕಿಂತ ಕೆಳಗೆ ಇಳಿಸಿ ವರ್ಷದೊಳಗೆ ಸಾಯಿಸುತ್ತಾರೆ. 50 ಆಂಪಿಯರ್-ಅವರಿನ ಲಿಥಿಯಂ ಐರನ್ ಫಾಸ್ಫೇಟ್ ಹದಿನೈದು ಸಾವಿರದ ಸುತ್ತಮುತ್ತ. ನೋವಾಗುತ್ತದೆ, ಆದರೆ ಕೊಳ್ಳಿ.

ಟ್ರ್ಯಾಕರ್ (ಆಕಾಶದ ಜೊತೆ ಕ್ಯಾಮೆರಾ ತಿರುಗಿಸುವ ಯಂತ್ರ) ಇಟ್ಟವರಿಗೊಂದು ಮಾತು. ಧ್ರುವ ಇಲ್ಲಿ 15 ಡಿಗ್ರಿಗೆ ಇರುವುದರಿಂದ ವೆಜ್ (ಟ್ರ್ಯಾಕರನ್ನು ಧ್ರುವದ ಕಡೆಗೆ ಓರೆ ಹಿಡಿಯುವ ಪೀಠ) ಪೂರ್ತಿ ಮಲಗುತ್ತದೆ, ತೂಕದ ಸರಳು ಟ್ರೈಪಾಡ್ ಕಾಲಿಗೆ ಬಡಿಯುತ್ತದೆ. ಸರಳು ಎರಡು ಕಾಲುಗಳ ನಡುವೆ ತೂಗುವ ಹಾಗೆ ಟ್ರೈಪಾಡ್ ತಿರುಗಿಸಿಡಿ. ಗುಡ್ಡದ ಕಡೆಯ ನೆಟ್ಟು ಧ್ರುವವನ್ನು ಮುಚ್ಚದ ಹಾಗೆ ಪೂರ್ವಕ್ಕೆ ಓರೆ ಮಾಡಿ.

ಈಗ ಲೆಕ್ಕ. ಮೊದಲು 25 ಮಿಲಿಮೀಟರ್ ಐಪೀಸಿನಲ್ಲೇ (ಕಣ್ಣಿಡುವ ಮಸೂರ), ಅಂದರೆ 48 ಪಟ್ಟಿಗೇ, ಚಿತ್ರ ಕುಣಿಯುತ್ತಿತ್ತು. ನೆಟ್ಟಿನ ಹಿಂದೆ 10 ಮಿಲಿಮೀಟರಿನಲ್ಲಿ 120 ಪಟ್ಟಿಗೆ ಒಮೆಗಾ ಸೆಂಟೌರಿ ಕಾಳುಕಾಳಾಗಿ ಬಿಡಿಸಿಕೊಳ್ಳುತ್ತದೆ. 135 ಮಿಲಿಮೀಟರ್ ಲೆನ್ಸಿನ ಒಂದು ನಿಮಿಷದ ಫ್ರೇಮುಗಳಲ್ಲಿ ಮೊದಲು ಅರ್ಧಕ್ಕಿಂತ ಹೆಚ್ಚು ಬಿಸಾಡುತ್ತಿದ್ದೆ, ಈಗ ಹತ್ತಕ್ಕೊಂದು. ಫೆಬ್ರುವರಿ ಕೊನೆಗೆ ರಾತ್ರಿ ಎಂಟೂವರೆಗೆ ಅಗಸ್ತ್ಯ ನಕ್ಷತ್ರ ನೆತ್ತಿಯ ಉತ್ತರ-ದಕ್ಷಿಣ ರೇಖೆ ದಾಟುತ್ತದೆ (ಆಗಲೇ ಅದು ಅತಿ ಎತ್ತರ), ಎರಡೂವರೆಗೆ ತ್ರಿಶಂಕು, ಮೂರೂವರೆಗೆ ಒಮೆಗಾ. ಮಾರ್ಚ್ ಕೊನೆಗೆ ಇವೆಲ್ಲ ಎರಡು ತಾಸು ಮೊದಲೇ. ಏಪ್ರಿಲಿನಲ್ಲಿ ಅಡ್ಡಮಳಿಯ ಮೋಡ ಕಂಡರೆ ಎರಿ ಹೊಲದಿಂದ ಅದೇ ಕ್ಷಣ ಗಾಡಿ ಹೊರಗೆ ತೆಗೆಯಿರಿ. ನಾಲ್ಕು ಹನಿ ಬಿದ್ದರೆ ಸಾಕು, ಗಾಲಿಗೆ ಮಣ್ಣು ಸುತ್ತಿ ಬೆಳಗಿನವರೆಗೆ ಅಲ್ಲೇ.

ಹೊಲದವರನ್ನು ಮೊದಲೇ ಕೇಳಬೇಕಾದ್ದು ಎರಡು: ಆ ವಾರ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯೋ ಹಗಲು ಪಾಳಿಯೋ (ರಾತ್ರಿಯದಾದರೆ ನೀರು ತಿರುವಲು ಬ್ಯಾಟರಿ ದೀಪ ಹಿಡಿದು ಬರುತ್ತಾರೆ, ಅವರ ಹೊಲ, ಬೇಡ ಅನ್ನಲು ಬರುವುದಿಲ್ಲ), ಮತ್ತೆ ಜಾಲಿ ಕಡಿದು ಹಾಕಿದ್ದು ಎಲ್ಲಿ. ಪಂಕ್ಚರ್ ಕಿಟ್ಟಿನಲ್ಲಿ ಬತ್ತಿ ಆರೇಳಾದರೂ ಇರಲಿ. ಒಲೆ ಹಚ್ಚುವ ಗೋಜು ಬೇಡ, ಕಟಕ ರೊಟ್ಟಿ, ಶೇಂಗಾ ಚಟ್ನಿ, ಫ್ಲಾಸ್ಕಿನ ಚಹಾ ಸಾಕು.

ಬಿಚ್ಚುವಾಗ ಮೊದಲು ಕನ್ನಡಿ ಮುಚ್ಚಿ, ಕೊಳವೆ ಗಾಡಿಯೊಳಗೆ ಸೇರಿಸಿ, ಆಮೇಲೆ ನೆಟ್ಟಿಗೆ ಕೈ ಹಾಕಿ. ನೆಲಕ್ಕೆ ಹಾಸಿದ ಒಂದು ಮೀಟರ್ ತುಂಬ ಧೂಳೂ ಮುಳ್ಳೂ ಕೂತಿರುತ್ತವೆ. ಅದನ್ನು ಹೊರಮೈ ಒಳಗೆ ಬರುವಂತೆ ಸುತ್ತಿ ಕ್ಯಾರಿಯರ್ ಮೇಲೆ ಕಟ್ಟಿ, ಹಾಸಿಗೆಯ ಪಕ್ಕ ಬೇಡ.